ಟೋಕನ್ ಕೊಡುವ ಮೊದಲು: ಬಾಡಿಗೆಗೆಂದು ಮನೆ ಕೊಳ್ಳುವವರ ಪ್ರಶ್ನೆಗಳಿಗೆ ವಕೀಲರ ಉತ್ತರ

ಈ ವಾರ ಉತ್ತರಿಸುತ್ತಿರುವವರು ಮೈಸೂರಿನಲ್ಲಿ 22 ವರ್ಷಗಳಿಂದ ಆಸ್ತಿ ಪತ್ರಗಳನ್ನು ನೋಡುತ್ತಿರುವ ವಕೀಲರು. ತಮ್ಮ ಮನೆಯ ಮಹಡಿಯನ್ನು ಬಾಡಿಗೆಗೂ ಕೊಟ್ಟಿದ್ದಾರೆ. ಸದಸ್ಯರು ಪ್ರಶ್ನೆ ಮಾತ್ರ ಬರೆಯಿರಿ. ಪತ್ರಗಳ ಫೋಟೊ ಗುಂಪಿಗೆ ಹಾಕಬೇಡಿ.

ಹಾಸನದ ಸದಸ್ಯರು: ಮೇಡಂ, ನಮಸ್ಕಾರ. ಮೈಸೂರಿನಲ್ಲಿ 30×40 ಸೈಟಿನಲ್ಲಿರುವ ಹಳೇ ಮನೆ ನೋಡಿದ್ದೇನೆ. ಕೆಳಗೊಂದು ಮನೆ, ಮೇಲೊಂದು ಮನೆ. 65 ಲಕ್ಷ ಹೇಳುತ್ತಿದ್ದಾರೆ. ನನ್ನ ಹತ್ತಿರ 25 ಲಕ್ಷ ಇದೆ, ಉಳಿದದ್ದು ಸಾಲ. ಎರಡೂ ಸೇರಿ 25,000 ಬಾಡಿಗೆ ಬರುತ್ತದೆ, ಕಂತು ಅದರಲ್ಲೇ ಹೋಗುತ್ತದೆ ಅಂತ ಬ್ರೋಕರ್ ಹೇಳುತ್ತಾರೆ. ಭಾನುವಾರದೊಳಗೆ 2 ಲಕ್ಷ ಟೋಕನ್ ಕೊಡದಿದ್ದರೆ ಬೇರೆಯವರಿಗೆ ಹೋಗುತ್ತದಂತೆ. ಕೊಡಲಾ?

ವಕೀಲರು: ಈ ಭಾನುವಾರ ಕೊಡಬೇಡಿ. ಪತ್ರ ನೋಡದೆ ಕೊಟ್ಟ ಟೋಕನ್ ವಾಪಸ್ ತರಿಸಲು ಒದ್ದಾಡುವವರು ನನ್ನ ಕಚೇರಿಗೆ ಬರುತ್ತಲೇ ಇರುತ್ತಾರೆ. ಆ ಮನೆ ಕೈತಪ್ಪಿದರೆ ತಪ್ಪಲಿ, ಇನ್ನೊಂದು ಸಿಗುತ್ತದೆ.

ಮೊದಲು ಲೆಕ್ಕ ನೋಡೋಣ. 2025ರ ಆಗಸ್ಟ್ 31ರಿಂದ ನಮ್ಮ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಗಿದೆ. ಸ್ಟ್ಯಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ಎಲ್ಲ ಸೇರಿ ನಗರದಲ್ಲಿ ಶೇ 7.6. ನಿಮ್ಮ 65 ಲಕ್ಷಕ್ಕೆ ಇದೇ 4.94 ಲಕ್ಷ ಆಗುತ್ತದೆ. ಅಂದರೆ ಆ ಮನೆ ನಿಮಗೆ ಬೀಳುವುದು 70 ಲಕ್ಷಕ್ಕೆ. ನಿಮ್ಮ 25 ಲಕ್ಷ ಪೂರ್ತಿ ಹಾಕಿದರೂ 45 ಲಕ್ಷ ಸಾಲ ಬೇಕು. ಶೇ 8.5 ಬಡ್ಡಿ, 20 ವರ್ಷ ಅಂತ ಇಟ್ಟುಕೊಳ್ಳಿ. ಕಂತು ತಿಂಗಳಿಗೆ ಸುಮಾರು 39,000.

ಈಗ ಬಾಡಿಗೆ. ವರ್ಷಕ್ಕೆ 3 ಲಕ್ಷ ಅಂತ ಬ್ರೋಕರ್ ಲೆಕ್ಕ. ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿದ್ದರೆ 25,000 ಹೋಯಿತು. ಕಂದಾಯ, ಮೋಟರ್ ರಿಪೇರಿ, ಸಂಪು ತೊಳೆಸುವುದು, ಬಾಡಿಗೆಯವರು ಬಿಟ್ಟಾಗ ಸುಣ್ಣಬಣ್ಣ, ಇದಕ್ಕೆಲ್ಲ ಹಳೇ ಮನೆಗೆ 40,000 ಇಟ್ಟುಕೊಳ್ಳಿ. ಉಳಿಯುವುದು 2.35 ಲಕ್ಷ. ತಿಂಗಳಿಗೆ 19,500 ಚಿಲ್ಲರೆ. ಉಳಿದ ಕಂತು, ಅಂದರೆ ಹೆಚ್ಚುಕಮ್ಮಿ ಇನ್ನೊಂದು 19,500, ನಿಮ್ಮ ಸಂಬಳದಿಂದ ಹೋಗಬೇಕು. ಕೈಯಲ್ಲಿ ಬೇರೆ ಒಂದು ರೂಪಾಯಿಯೂ ಉಳಿದಿರುವುದಿಲ್ಲ. ಮಳೆಗಾಲದಲ್ಲಿ ತಾರಸಿ ಸೋರಿದರೆ ಆಗ ಏನು ಮಾಡುತ್ತೀರಿ?

ಕೊಳ್ಳಲೇಬೇಡಿ ಅನ್ನುತ್ತಿಲ್ಲ. ಜಾಗದ ಬೆಲೆ ಏರಬಹುದು ಅಂತ ಕೊಳ್ಳುವುದು ಬೇರೆ, ಬಾಡಿಗೆಯಲ್ಲಿ ಸಾಲ ತೀರುತ್ತದೆ ಅಂತ ಕೊಳ್ಳುವುದು ಬೇರೆ. ಎರಡನೆಯದು ನಿಮ್ಮ ಲೆಕ್ಕದಲ್ಲಿ ಕೂಡುತ್ತಿಲ್ಲ.

ಇನ್ನು ಪತ್ರ. ಮಾರುವವರಿಗೆ ಆ ಮನೆ ಹೇಗೆ ಬಂತು?

ಹಾಸನದ ಸದಸ್ಯರು: ಅವರ ತಂದೆ ಕೊಂಡ ಸೈಟು, ತಂದೆಯೇ ಕಟ್ಟಿಸಿದ್ದು. ತಂದೆ ತಾಯಿ ಇಬ್ಬರೂ ಈಗಿಲ್ಲ. ಖಾತೆ ಮಗನ ಹೆಸರಿಗೆ ಆಗಿದೆ, ಕಂದಾಯ ಅವರೇ ಕಟ್ಟುತ್ತಾರೆ. ಇಸಿ (ಋಣಭಾರ ಪ್ರಮಾಣಪತ್ರ) ಕೂಡ ತೋರಿಸಿದರು, ಯಾವ ಸಾಲವೂ ಇಲ್ಲ. ಇಬ್ಬರು ತಂಗಿಯರಿದ್ದಾರೆ, ಮದುವೆ ಮಾಡಿ ಕಳಿಸಿದ್ದಾಗಿದೆ, ಅವರದ್ದೇನೂ ತಕರಾರಿಲ್ಲ ಅಂದರು.

ವಕೀಲರು: ಸರ್, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಾನು ನೋಡಿದ ಆಸ್ತಿ ಕೇಸುಗಳಲ್ಲಿ ಅರ್ಧಕ್ಕರ್ಧ ಇಲ್ಲಿಂದಲೇ ಹುಟ್ಟಿದ್ದು.

ಖಾತೆ ಅಂದರೆ ಕಂದಾಯ ಯಾರು ಕಟ್ಟಬೇಕು ಅಂತ ಪಾಲಿಕೆ ಇಟ್ಟುಕೊಂಡಿರುವ ಲೆಕ್ಕ. ಅದು ಹಕ್ಕುಪತ್ರ ಅಲ್ಲ. ತಂದೆ ಸ್ವಂತ ದುಡಿಮೆಯಲ್ಲಿ ಕೊಂಡದ್ದು, ವಿಲ್ ಬರೆಯದೆ ತೀರಿಕೊಂಡರು ಅಂದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಗ, ಹೆಣ್ಣುಮಕ್ಕಳು, ಬದುಕಿದ್ದರೆ ತಂದೆಯ ತಾಯಿ, ಎಲ್ಲರಿಗೂ ಸಮಪಾಲು. ಮದುವೆ ಆಗಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಪಿತ್ರಾರ್ಜಿತ ಆಸ್ತಿ ಆಗಿದ್ದರೂ ಬಿಡುಗಡೆ ಇಲ್ಲ. 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿದೆ. 2005ರಲ್ಲಿ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿಬಿಟ್ಟಿತು.

ಹಾಗಾಗಿ ಆ ಅಣ್ಣ ಒಬ್ಬರೇ ಸಹಿ ಹಾಕಿದರೆ ನಿಮಗೆ ಬರುವುದು ಅವರ ಪಾಲು ಮಾತ್ರ. ನಾಳೆ ತಂಗಿಯರು ಪಾಲಿಗೆ ದಾವೆ ಹಾಕಿದರೆ ನಿಮ್ಮನ್ನೂ ಪ್ರತಿವಾದಿ ಮಾಡುತ್ತಾರೆ. ವರ್ಷಗಟ್ಟಲೆ ಕೋರ್ಟಿಗೆ ಅಲೆದಾಟ. ಅತ್ತ ಬ್ಯಾಂಕಿನ ಕಂತು ನಿಲ್ಲುವುದಿಲ್ಲ.

"ತಕರಾರಿಲ್ಲ" ಅನ್ನುವ ಮಾತು ನೋಂದಣಿ ಕಚೇರಿಯಲ್ಲಿ ಸಹಿಯಾಗಿ ಬರಬೇಕು. ಇಬ್ಬರು ತಂಗಿಯರೂ ಕ್ರಯಪತ್ರದಲ್ಲಿ ಮಾರುವವರಾಗಿ ಸಹಿ ಹಾಕಲಿ, ಅದು ಎಲ್ಲಕ್ಕಿಂತ ಒಳ್ಳೆಯದು. ಇಲ್ಲವೇ ಅಣ್ಣನಿಗೆ ಹಕ್ಕು ಬಿಡುಗಡೆ ಪತ್ರ ಬರೆದು ನೋಂದಣಿ ಮಾಡಿಸಲಿ. ಬಿಳಿ ಹಾಳೆಯಲ್ಲಿ, ನೋಟರಿ ಮುಂದೆ ಬರೆದುಕೊಟ್ಟದ್ದು ಸಾಲದು. ನಾಡಕಚೇರಿಯ ವಂಶವೃಕ್ಷ ಕೇಳಿ ಪಡೆಯಿರಿ. ಹೇಳದೆ ಬಿಟ್ಟ ಇನ್ನೊಬ್ಬ ಮಗ, ಮಗಳು ಇದ್ದರೆ ಅದರಲ್ಲಿ ಗೊತ್ತಾಗುತ್ತದೆ. ಅದರ ಜೊತೆಗೆ ಅಕ್ಕಪಕ್ಕದ ಮನೆಯ ಹಿರಿಯರನ್ನೂ ಒಮ್ಮೆ ಮಾತಾಡಿಸಿ.

ಇಸಿ ವಿಷಯ. ಅದರಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ. ನೋಂದಣಿಯಾಗದ ಕರಾರು, ಮನೆಯವರ ಪಾಲು, ಮೂಲಪತ್ರ ಎಲ್ಲೋ ಅಡವಿಟ್ಟು ತಂದ ಕೈಸಾಲ ಇವು ಕಾಣುವುದಿಲ್ಲ. ಕನಿಷ್ಠ 30 ವರ್ಷದ್ದು ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವುದು 2004ರಿಂದ ಈಚಿನದು, ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೆ ಹೋಗಬೇಕು. ಮೂಲ ಕ್ರಯಪತ್ರವನ್ನು ಕೈಯಲ್ಲಿ ಹಿಡಿದು ನೋಡಿ. ಜೆರಾಕ್ಸ್ ತೋರಿಸಿ "ಅಸಲು ಊರಲ್ಲಿದೆ" ಅಂದರೆ ಊರಿಂದ ತರುವವರೆಗೆ ಕಾಯಿರಿ.

ತುಮಕೂರಿನ ಸದಸ್ಯರು: ಮೇಡಂ, ನನ್ನದು ಅಷ್ಟು ದೊಡ್ಡ ಬಜೆಟ್ ಅಲ್ಲ. ಊರ ಹೊರಗೆ 9 ಲಕ್ಷಕ್ಕೆ ಸೈಟು ಸಿಗುತ್ತಿದೆ. ಜಮೀನಿನವರು ಕರಾರು ಪತ್ರ ಮತ್ತು ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮಾಡಿಕೊಡುತ್ತಾರೆ. ಪಂಚಾಯಿತಿ ದಾಖಲೆ 11ಬಿ ಇದೆ. ತೆಗೆದುಕೊಳ್ಳಬಹುದಾ?

ವಕೀಲರು: ಬೇಡಮ್ಮ. ಜಿಪಿಎ ಮೇಲೆ ಆಸ್ತಿ ಕೈ ಬದಲಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಿಮ್ಮ ಹೆಸರಿಗೆ ನೋಂದಾಯಿತ ಕ್ರಯಪತ್ರ ಆಗದೆ ನೀವು ಮಾಲೀಕರಲ್ಲ. 11ಬಿ ಅಂದರೆ ಅನುಮೋದನೆ ಇಲ್ಲದ ಆಸ್ತಿ ಅಂತಲೇ ಅರ್ಥ. ಕ್ರಮಬದ್ಧವಾದ ಸೈಟಿಗೆ ನಮೂನೆ 9 ಮತ್ತು 11ಎ ಇರುತ್ತದೆ. ಭೂಪರಿವರ್ತನೆಯ ಆದೇಶ, ಅನುಮೋದಿತ ಬಡಾವಣೆ ನಕ್ಷೆ ಎರಡನ್ನೂ ಕೇಳಿ.

ಇನ್ನೊಂದು ಮಾತು ಬ್ರೋಕರ್ ಹೇಳುವುದಿಲ್ಲ. ಆ ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಮಾರಿದ್ದರೆ ಜಮೀನು ಮೂಲ ಮಂಜೂರುದಾರರಿಗೆ ವಾಪಸ್ ಹೋಗುತ್ತದೆ. 2023ರ ತಿದ್ದುಪಡಿ ಆದಮೇಲೆ ತುಂಬ ಹಿಂದೆ ನಡೆದ ಮಾರಾಟಕ್ಕೂ ಅರ್ಜಿ ಹಾಕಬಹುದು. ಆ ಕುಟುಂಬಗಳ ಜಮೀನು ಉಳಿಸಲು ಬಂದ ಕಾನೂನು ಅದು, ನ್ಯಾಯವಾದದ್ದೇ. ತಿಳಿಯದೆ ಕೊಂಡವರು ನಡುವೆ ಸಿಕ್ಕಿಬೀಳುತ್ತಾರೆ. ಹಳೆಯ ಪಹಣಿ, ಮಂಜೂರಾತಿ ದಾಖಲೆ ತೆಗೆಸದೆ ಊರ ಹೊರಗಿನ ಸೈಟಿಗೆ ಒಂದು ರೂಪಾಯಿಯೂ ಕೊಡಬೇಡಿ.

ಮಂಡ್ಯದ ಸದಸ್ಯರು: ಅಕ್ಕಾ, ಮಹಡಿ ಮನೆ ಮೊದಲ ಸಲ ಬಾಡಿಗೆಗೆ ಕೊಡುತ್ತಿದ್ದೇವೆ. ಅಡ್ವಾನ್ಸ್ ಎಷ್ಟು ತಗೋಬೇಕು? ಬಾಡಿಗೆ ಬೇಡ, 8 ಲಕ್ಷ ಭೋಗ್ಯಕ್ಕೆ ಕೊಡಿ ಅಂತಲೂ ಒಬ್ಬರು ಕೇಳುತ್ತಿದ್ದಾರೆ.

ವಕೀಲರು: ಎಷ್ಟು ಅನ್ನುವುದಕ್ಕಿಂತ ಅದನ್ನು ಎಲ್ಲಿಡುತ್ತೀರಿ ಅನ್ನುವುದು ಮುಖ್ಯ. ನಾನು ಕಲಿತದ್ದು ಹೇಳುತ್ತೇನೆ. 2009ರಲ್ಲಿ ನಮ್ಮ ಮಹಡಿಯನ್ನು ಮೊದಲ ಸಲ ಕೊಟ್ಟಾಗ 60,000 ಅಡ್ವಾನ್ಸ್ ಬಂತು. ಕಾಂಪೌಂಡ್ ಕಟ್ಟಿಸಿಬಿಟ್ಟೆವು. ಏಳೇ ತಿಂಗಳಿಗೆ ಅವರಿಗೆ ಬೇರೆ ಊರಿಗೆ ವರ್ಗ ಆಯಿತು. ಒಳ್ಳೆಯ ಜನ, ಒಂದು ತಿಂಗಳ ಮೊದಲೇ ಹೇಳಿದ್ದರು. ಅವರ ದುಡ್ಡು ಅವರಿಗೆ ಕೊಡಲು ನಾನು ಸರ ಅಡವಿಡಬೇಕಾಯಿತು. ಅಲ್ಲಿ ಹೊಸ ಮನೆಗೆ ಅಡ್ವಾನ್ಸ್ ಕೊಡಲು ಅವರು ಈ ದುಡ್ಡನ್ನೇ ಕಾಯುತ್ತಿದ್ದರು. ಆವತ್ತಿನಿಂದ ಅಡ್ವಾನ್ಸ್ ಬಂದ ದಿನವೇ ಎಫ್‌ಡಿ ಮಾಡಿಸುತ್ತೇನೆ. ಅದು ಬಾಡಿಗೆಯವರ ದುಡ್ಡು, ನಮ್ಮ ಹತ್ತಿರ ಇಟ್ಟಿರುತ್ತಾರೆ ಅಷ್ಟೇ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವ ರೂಢಿ ಇತ್ತು, ಈಗಲೂ ಕೆಲವರು ಕೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಎರಡು ಮೂರು ತಿಂಗಳ ಬಾಡಿಗೆ ಸಾಕು. ಬಣ್ಣಕ್ಕೆ ಎಷ್ಟು ಹಿಡಿಯುತ್ತೀರಿ ಅನ್ನುವುದನ್ನು ಮೊದಲೇ ಕರಾರಿನಲ್ಲಿ ಬರೆಯಿರಿ. ಬೀಗದ ಕೈ ಕೊಡುವ ದಿನ ಇಬ್ಬರೂ ನಿಂತು ಪ್ರತಿ ಕೋಣೆಯ ಫೋಟೊ ತೆಗೆದುಕೊಳ್ಳಿ. ಬಿಡುವ ದಿನ ಜಗಳ ಇರುವುದಿಲ್ಲ.

ಭೋಗ್ಯ ಬೇಡ ಅಂತಲೇ ನನ್ನ ಸಲಹೆ. 8 ಲಕ್ಷ ಪೂರ್ತಿ ವಾಪಸ್ ಕೊಡಬೇಕಾದ ಸಾಲ ಅದು. ಮಾಡಲೇಬೇಕಾದರೆ ಭೋಗ್ಯಪತ್ರ ನೋಂದಣಿ ಮಾಡಿಸಿ. ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದರೆ ಅದನ್ನು ಬರುವವರಿಗೆ ಮೊದಲೇ ಹೇಳಿ. ನೀವು ಕಂತು ತಪ್ಪಿಸಿ ಬ್ಯಾಂಕ್ ಮನೆ ಹರಾಜಿಗೆ ಇಟ್ಟರೆ ಬೀದಿಗೆ ಬೀಳುವುದು ಅವರ ಸಂಸಾರ.

ಮಂಡ್ಯದ ಸದಸ್ಯರು: ಎಲ್ಲರೂ 11 ತಿಂಗಳಿಗೇ ಯಾಕೆ ಬರೆಯುತ್ತಾರೆ? ಬಾಡಿಗೆ ಕೊಡದೆ ಸತಾಯಿಸಿದರೆ ನೀರು, ಕರೆಂಟು ನಿಲ್ಲಿಸಬಹುದಾ?

ವಕೀಲರು: ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಾಯಿಸಲೇಬೇಕು. ಅದು ಬೇಡ ಅಂತ 11.

ನೀರು, ಕರೆಂಟು ಮಾತ್ರ ಮುಟ್ಟಬೇಡಿ. ಅವರಿಲ್ಲದಾಗ ಬೀಗ ಬದಲಿಸುವುದೂ ಬೇಡ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇರುತ್ತಾರೆ ಅಲ್ವಾ? ಹಾಗೆ ಮಾಡಿದರೆ ನಿಮ್ಮ ಮೇಲೇ ದೂರು ಬೀಳುತ್ತದೆ, ಗೆಲ್ಲುವ ಕೇಸೂ ಕೆಡುತ್ತದೆ. ತಿಂಗಳ ಲೆಕ್ಕದ ಬಾಡಿಗೆಗೆ ಕಾನೂನು ಹೇಳುವುದು 15 ದಿನದ ಲಿಖಿತ ನೋಟಿಸ್. ಕರಾರಿನಲ್ಲಿ ಒಂದೆರಡು ತಿಂಗಳು ಅಂತ ಬರೆದಿದ್ದರೆ ಅದರಂತೆ. ಆಮೇಲೂ ಬಿಡದಿದ್ದರೆ ಕೋರ್ಟು. ಎರಡನೇ ತಿಂಗಳ ಬಾಡಿಗೆ ತಪ್ಪಿದಾಗಲೇ ಕೂತು ಮಾತಾಡಿ. ಅಡ್ವಾನ್ಸ್ ಕರಗುವವರೆಗೆ ಸುಮ್ಮನಿದ್ದರೆ ಆಮೇಲೆ ಮಾತಾಡಿ ಉಪಯೋಗವಿಲ್ಲ.

ಬಾಡಿಗೆಯನ್ನು ಬ್ಯಾಂಕಿಗೇ ಹಾಕಿಸಿಕೊಳ್ಳಿ. ಎರಡೂ ಮನೆಗೆ ಬೇರೆ ಬೇರೆ ಕರೆಂಟ್ ಮೀಟರ್ ಇರಲಿ. ಗೃಹಜ್ಯೋತಿಗೆ ಬಾಡಿಗೆಯವರೂ ತಮ್ಮ ಆಧಾರ್ ಕೊಟ್ಟು ಸೇರಬಹುದು. ಮನೆ ಬಿಡುವಾಗ ಆ ಜೋಡಣೆ ತೆಗೆಸಲು ಮರೆಯದೆ ಹೇಳಿ, ಇಲ್ಲದಿದ್ದರೆ ಮುಂದೆ ಬರುವವರಿಗೆ ತೊಂದರೆ.

ಶಿವಮೊಗ್ಗದ ಸದಸ್ಯರು: ಬಾಡಿಗೆಗೆ ಆದಾಯ ತೆರಿಗೆ ಹೇಗೆ ಮೇಡಂ?

ವಕೀಲರು: ವಿವರ ನಿಮ್ಮ ಆಡಿಟರ್ ಹೇಳಲಿ, ನಾನು ಚಿಕ್ಕದಾಗಿ ಹೇಳುತ್ತೇನೆ. ಬಂದ ಬಾಡಿಗೆಯಲ್ಲಿ ನೀವು ಕಟ್ಟಿದ ಮನೆ ಕಂದಾಯ ಕಳೆಯಿರಿ. ಉಳಿದದ್ದರಲ್ಲಿ ಶೇ 30 ಬಿಡುತ್ತಾರೆ, ಅದಕ್ಕೆ ಬಿಲ್ ತೋರಿಸಬೇಕಿಲ್ಲ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಬಡ್ಡಿ ಜಾಸ್ತಿಯಾಗಿ ನಷ್ಟ ಬಂದರೆ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದ ಜೊತೆ ಹೊಂದಿಸಬಹುದು, ಹೊಸ ಪದ್ಧತಿಯಲ್ಲಿ ಆಗುವುದಿಲ್ಲ.

ಹಾಸನದ ಸದಸ್ಯರು: ಮೇಡಂ, ಮಾರುವವರ ಜೊತೆ ಮಾತಾಡಿದೆ. ತಂಗಿಯರು ಸಹಿ ಹಾಕಲು ಒಪ್ಪಿದ್ದಾರೆ. ಬೆಲೆ 62ಕ್ಕೆ ಇಳಿಸಬಹುದು ಅನ್ನುತ್ತಿದ್ದಾರೆ. ಆದರೆ ಒಬ್ಬ ತಂಗಿ ದುಬೈಯಲ್ಲಿದ್ದಾರೆ, ಈಗ ಬರಲು ಆಗುವುದಿಲ್ಲವಂತೆ. ಅಪ್ಪ ವಿಲ್ ಬರೆದಿಲ್ಲ ಅಂತಲೂ ಅಣ್ಣ ಹೇಳಿದರು.

ವಕೀಲರು: ಒಳ್ಳೆಯ ಸುದ್ದಿ. ಅವರು ದುಬೈಯ ಭಾರತೀಯ ಕಾನ್ಸುಲೇಟ್ ಮುಂದೆ ಈ ಒಂದು ಮನೆಗೆ ಸೀಮಿತವಾದ ಅಧಿಕಾರ ಪತ್ರ ಮಾಡಿ ಕಳಿಸಲಿ. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಬೇಕು, ತಡ ಮಾಡಬೇಡಿ.

ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಮೇಲಿದ್ದರೆ ಇಲ್ಲಿರುವ ಮಾರಾಟಗಾರರ ಹಣದಲ್ಲಿ ಶೇ 1 ಟಿಡಿಎಸ್, ಅಂದರೆ ಅವರ ಆದಾಯ ತೆರಿಗೆಯ ಲೆಕ್ಕಕ್ಕೆ, ಹಿಡಿದು ನೀವೇ ಕಟ್ಟಬೇಕು. ಹೊರದೇಶದಲ್ಲಿ ನೆಲೆಸಿದ ತಂಗಿಯ ಪಾಲಿಗೆ ನಿಯಮ ಬೇರೆ, ಹಿಡಿಯಬೇಕಾದದ್ದೂ ಜಾಸ್ತಿ. ಹಿಡಿಯದಿದ್ದರೆ ಇಲಾಖೆ ಕೇಳುವುದು ನಿಮ್ಮನ್ನು. ಕರಾರು ಬರೆಯುವ ಮೊದಲೇ ಆಡಿಟರ್ ಹತ್ತಿರ ಕೂತು ಮೂವರ ಪಾಲಿನ ಲೆಕ್ಕ ಬೇರೆ ಬೇರೆ ಮಾಡಿಸಿ. ಮೂವರಿಗೂ ಹಣ ಅವರವರ ಬ್ಯಾಂಕ್ ಖಾತೆಗೇ ಹೋಗಲಿ, ಎಲ್ಲವನ್ನೂ ಅಣ್ಣನ ಕೈಗೆ ಕೊಡಬೇಡಿ.

ಮೂಲಪತ್ರ, 30 ವರ್ಷದ ಇಸಿ, ವಂಶವೃಕ್ಷ, ತಂದೆ ತಾಯಿಯ ಮರಣ ಪ್ರಮಾಣಪತ್ರ ಇಷ್ಟನ್ನು ಮಾರುವವರು ತರಲಿ. ಇದನ್ನೆಲ್ಲ ನಿಮ್ಮ ಕಡೆಯ ವಕೀಲರೊಬ್ಬರು ಓದಿ ಸರಿ ಅಂದ ಮೇಲೆ ಟೋಕನ್ ಕೊಡಿ, ಚೆಕ್‌ನಲ್ಲಿ, ರಸೀದಿಯ ಜೊತೆ.

ಹಾಸನದ ಸದಸ್ಯರು: ಸರಿ ಮೇಡಂ. ಭಾನುವಾರ ಬ್ರೋಕರ್‌ಗೆ ಫೋನ್ ಮಾಡಿ ಇದನ್ನೇ ಹೇಳುತ್ತೇನೆ.