ಬರಬೇಕಾದವನು ಬಂದಾಯಿತೇ?

ಕಳೆದ ಭಾನುವಾರ ನಮ್ಮ ಹೈಸ್ಕೂಲ್ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರಿನ ಬದಲು ಅವರವರ ಊರು ಬರೆದಿದ್ದೇನೆ. ನಡುವೆ ಬಂದ ಗುಡ್ ಮಾರ್ನಿಂಗ್, ಹುಟ್ಟುಹಬ್ಬದ ಶುಭಾಶಯ ಎಲ್ಲ ತೆಗೆದಿದ್ದೇನೆ.

ಶಿರಸಿ: (ಬಂದದ್ದನ್ನು ಹಾಗೇ ಕಳಿಸಿದ್ದು) “ಯೆಹೂದಿಗಳು ಯೇಸುವನ್ನು ಒಪ್ಪಲಿಲ್ಲ. ಮುಸ್ಲಿಮರೂ ಯೇಸುವನ್ನು ಒಪ್ಪಲಿಲ್ಲ. ಕ್ರೈಸ್ತರು ಮುಹಮ್ಮದರನ್ನು ಒಪ್ಪಲಿಲ್ಲ. ಮೂವರೂ ದೇವರು ಒಬ್ಬನೇ ಅನ್ನುತ್ತಾರೆ. ಹಾಗಾದರೆ ಸುಳ್ಳು ಹೇಳುತ್ತಿರುವವರು ಯಾರು? 10 ಜನರಿಗೆ ಕಳಿಸಿ.”

ಶಿರಸಿ: ಪ್ರಶ್ನೆ ಸರಿಯಾಗಿದೆ ಅನ್ನಿಸಿತು. ಅದಕ್ಕೇ ಹಾಕಿದೆ.

ದಮ್ಮಾಮ್: ಎರಡನೇ ಸಾಲೇ ತಪ್ಪು. ನಾವು ಮುಸ್ಲಿಮರು ಈಸಾ ಅವರನ್ನು, ಅಂದರೆ ಯೇಸುವನ್ನು, ಒಪ್ಪುತ್ತೇವೆ. ಕುರಾನಿನಲ್ಲಿ ಅವರನ್ನು ಮಸೀಹ್ ಎಂದೇ ಕರೆದಿದೆ. ಅವರ ತಾಯಿ ಮರ್ಯಮ್ ಹೆಸರಿನಲ್ಲಿ ಒಂದು ಅಧ್ಯಾಯವೇ ಇದೆ. ತಂದೆಯಿಲ್ಲದೆ ಹುಟ್ಟಿದರು, ಮತ್ತೆ ಬರುತ್ತಾರೆ ಎಂದೂ ನಂಬುತ್ತೇವೆ. ಇದಕ್ಕಿಂತ ಜಾಸ್ತಿ ಇನ್ನೇನು ಒಪ್ಪಬೇಕು?

ಮಂಗಳೂರು: ಈಗಷ್ಟೇ ಚರ್ಚಿನಿಂದ ಬಂದೆ. ‘ಸುಳ್ಳು’ ಅನ್ನುವ ಪದ ನೋಡಿ ಬೇಜಾರಾಯಿತು. ದಮ್ಮಾಮ್, ನೀನು ಹೇಳಿದ್ದು ನನಗೆ ಗೊತ್ತು, ಅದರ ಬಗ್ಗೆ ಖುಷಿಯೂ ಇದೆ. ಆದರೆ ಯೇಸು ಒಬ್ಬ ಪ್ರವಾದಿ ಎಂದು ಗೌರವಿಸಿದರೆ ನನ್ನ ಮಟ್ಟಿಗೆ ಮುಖ್ಯವಾದದ್ದೇ ಬಿಟ್ಟುಹೋಯಿತು. ನಾನು ಬೆಳಿಗ್ಗೆ ಕೈಮುಗಿದು ನಿಂತಿದ್ದು ಒಬ್ಬ ಒಳ್ಳೆಯ ಪ್ರವಾದಿಯ ಮುಂದೆ ಅಲ್ಲ.

ಶಿರಸಿ: ನೋಡಿದ್ರಾ? ಒಂದೇ ಪ್ರಶ್ನೆಗೆ ಮೂರು ಉತ್ತರ. ಇಬ್ಬರಾದರೂ ಸುಳ್ಳು ಹೇಳುತ್ತಿರಲೇಬೇಕು.

ನಾನು: ತಪ್ಪು ಬೇರೆ, ಸುಳ್ಳು ಬೇರೆ ಮಾರಾಯ. ಗೊತ್ತಿದ್ದೂ ಇಲ್ಲ ಅಂದರೆ ಅದು ಸುಳ್ಳು. ಇಲ್ಲಿ ಹಾಗೆ ಯಾರೂ ಮಾಡುತ್ತಿಲ್ಲ. ಪ್ರಶ್ನೆ ಒಂದೇ ಅಂದೆಯಲ್ಲ, ಅದೂ ಪೂರ್ತಿ ಸರಿಯಲ್ಲ. ಪದ ಒಂದೇ, ಆ ಪದದಿಂದ ಒಬ್ಬೊಬ್ಬರು ಒಂದೊಂದು ನಿರೀಕ್ಷೆ ಇಟ್ಟುಕೊಂಡಿದ್ದಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದು.

ನಾನು: ಹೀಬ್ರೂವಿನ ‘ಮಾಶಿಯಾಹ್’ ಅಂದರೆ ತಲೆಗೆ ಎಣ್ಣೆ ಹೊಯ್ಸಿಕೊಂಡವನು. ನಾವು ಪಟ್ಟಾಭಿಷೇಕ ಅನ್ನುತ್ತೇವಲ್ಲ, ಆ ಥರ. ರಾಜನಿಗೆ, ಮಹಾಯಾಜಕನಿಗೆ ಹಾಗೆ ಎಣ್ಣೆ ಹೊಯ್ದು ಪಟ್ಟ ಕಟ್ಟುತ್ತಿದ್ದರು. ಅದೇ ಗ್ರೀಕಿನಲ್ಲಿ ಕ್ರಿಸ್ತ, ಅರಬ್ಬಿಯಲ್ಲಿ ಮಸೀಹ್, ಕನ್ನಡದಲ್ಲಿ ಮೆಸ್ಸೀಯ. ಬೈಬಲ್ಲಿನ ಯೆಶಾಯನ ಗ್ರಂಥದ 45ನೇ ಅಧ್ಯಾಯದಲ್ಲಿ ಪರ್ಷಿಯಾದ ದೊರೆ ಸೈರಸ್‌ನಿಗೂ ಈ ಪದ ಬಳಸಿದೆ. ಅವನು ಯೆಹೂದಿಯೇ ಅಲ್ಲ. ಬಾಬಿಲೋನಿನಲ್ಲಿ ಸೆರೆಯಿದ್ದವರನ್ನು ಊರಿಗೆ ಕಳಿಸಿದ ಅಂತ ಆ ಗೌರವ. ದೇವರ ಅವತಾರ ಅನ್ನುವ ಅರ್ಥ ಆ ಪದಕ್ಕೆ ಆಗ ಇರಲೇ ಇಲ್ಲ. ಆಮೇಲೆ ರಾಜ್ಯ ಹೋಯಿತು, ಜನ ಚದುರಿದರು. ಹಿಂದಿನ ಕಾಲದ ದೊಡ್ಡ ರಾಜ ದಾವೀದನ ವಂಶದಲ್ಲಿ ಒಬ್ಬ ರಾಜ ಬರುತ್ತಾನೆ, ಚದುರಿದವರನ್ನು ಒಟ್ಟು ಸೇರಿಸುತ್ತಾನೆ, ಯೆರೂಸಲೇಮಿನ ದೇವಾಲಯ ಎದ್ದು ನಿಲ್ಲುತ್ತದೆ, ಜನ ಕತ್ತಿ ಬಡಿದು ನೇಗಿಲಿನ ಗುಳ ಮಾಡುತ್ತಾರೆ ಎಂದು ಕಾದರು. ಆ ದೇವಾಲಯವನ್ನು ರೋಮನ್ನರು ಕ್ರಿ.ಶ. 70ರಲ್ಲಿ ಸುಟ್ಟರು. ಇನ್ನೂ ಕಟ್ಟಿಲ್ಲ. ಯುದ್ಧ ನಿಂತಿಲ್ಲ. ಹಾಗಾಗಿ ಯೆಹೂದಿಗಳ ಲೆಕ್ಕದಲ್ಲಿ ಬರಬೇಕಾದವನು ಬಂದಿಲ್ಲ. ಯೇಸುವಿನ ಮೇಲಿನ ಸಿಟ್ಟಿನಿಂದ ಹೇಳುವ ಮಾತಲ್ಲ ಅದು.

ಶಿರಸಿ: ಸಿಟ್ಟು ಇಲ್ಲ ಅನ್ನುವುದು ಹೇಗೆ? ಅವರದೇ ಜನ ಅಲ್ವಾ ಯೇಸು?

ನಾನು: ಅವರದೇ ಜನ. ಬಾರ್ ಕೋಖ್ಬಾನೂ ಅವರದೇ ಜನ, ಅವನ ಕತೆ ಕೇಳು. ಕ್ರಿ.ಶ. 132ರಲ್ಲಿ ರೋಮಿನ ವಿರುದ್ಧ ದಂಗೆ ಎದ್ದ. ‘ಇಸ್ರೇಲಿನ ಬಿಡುಗಡೆಯ ಮೊದಲ ವರ್ಷ’ ಎಂದು ನಾಣ್ಯ ಹಾಕಿಸಿದ. ಆ ಕಾಲದ ಬಹಳ ದೊಡ್ಡ ರಬ್ಬಿ (ಯೆಹೂದಿ ಧರ್ಮಗುರು) ಅಕಿವಾ, ಇವನೇ ಮೆಸ್ಸೀಯ ಅಂದರು. ಇನ್ನೊಬ್ಬ ರಬ್ಬಿ ಅಲ್ಲೇ ಎದುರು ಹೇಳಿದರು: “ಅಕಿವಾ, ನಿನ್ನ ಕೆನ್ನೆಯ ಮೇಲೆ ಹುಲ್ಲು ಬೆಳೆದರೂ ದಾವೀದನ ಮಗ ಬಂದಿರುವುದಿಲ್ಲ.” ನೀನು ಸತ್ತು ಮಣ್ಣಾದರೂ ಮೆಸ್ಸೀಯ ಬಂದಿರುವುದಿಲ್ಲ ಅಂತ ಅರ್ಥ. ಒಂದೇ ಧರ್ಮ, ಒಂದೇ ಪುಸ್ತಕ, ಇಬ್ಬರೂ ಗುರುಗಳು. 135ರಲ್ಲಿ ಬಾರ್ ಕೋಖ್ಬಾ ಸತ್ತ. ಅಲ್ಲಿಗೆ ಆ ಮಾತು ಮುಗಿಯಿತು. 12ನೇ ಶತಮಾನದಲ್ಲಿ ಮೈಮೊನಿಡೀಸ್ ಎಂಬ ಯೆಹೂದಿ ಪಂಡಿತರು ಇದೇ ಉದಾಹರಣೆ ಇಟ್ಟುಕೊಂಡು ನಿಯಮ ಬರೆದರು. ಪವಾಡ ಮಾಡಿ ತೋರಿಸಬೇಕಾಗಿಲ್ಲ. ದೇವಾಲಯ ಕಟ್ಟಿ, ಜನರನ್ನು ಸೇರಿಸಿದರೆ ಅವನೇ. ಅದಾಗದೆ ಕೊಲೆಯಾದರೆ ಅವನಲ್ಲ.

ನಾನು: ಈಗ ಆ ಕೊನೆಯ ಮಾತು ಗಮನಿಸು. ಕೊಲೆಯಾದರೆ ಅವನಲ್ಲ. ಮಂಗಳೂರು, ನಿಮ್ಮಲ್ಲಿ ಇದು ಪೂರ್ತಿ ತಿರುಗಿದೆ ಅಲ್ವಾ?

ಮಂಗಳೂರು: ಹೌದು. ನಮಗೆ ಅವರು ಸತ್ತದ್ದೇ ಗುರುತು. ಶುಭ ಶುಕ್ರವಾರ ಯೆಶಾಯನ 53ನೇ ಅಧ್ಯಾಯದ ಸೇವಕನ ಮಾತು ಓದುತ್ತಾರೆ. ನಮ್ಮ ತಪ್ಪುಗಳಿಗಾಗಿ ಅವನು ಗಾಯಗೊಂಡ, ಕೊಲ್ಲಲು ಒಯ್ಯುವ ಕುರಿಮರಿಯಂತೆ ಬಾಯಿ ತೆರೆಯಲಿಲ್ಲ ಅನ್ನುತ್ತದೆ. ಯೇಸುವಿನ ಮುಖ ಬಿಟ್ಟು ಬೇರೆ ಯಾವ ಮುಖವೂ ನನಗೆ ಅಲ್ಲಿ ಕಾಣುವುದಿಲ್ಲ. ಶಾಂತಿ, ರಾಜ್ಯ ಎಲ್ಲ ಎರಡನೇ ಬರುವಿಕೆಯಲ್ಲಿ ಪೂರ್ತಿಯಾಗುತ್ತದೆ ಎಂದು ನಮ್ಮ ನಂಬಿಕೆ.

ನಾನು: ಅದೇ ಅಧ್ಯಾಯವನ್ನು ರಾಶಿ ಎಂಬ 11ನೇ ಶತಮಾನದ ಯೆಹೂದಿ ಪಂಡಿತರು ಓದಿದಾಗ ಅವರಿಗೆ ಕಂಡದ್ದು ಒಬ್ಬ ಮನುಷ್ಯ ಅಲ್ಲ. ಪೆಟ್ಟು ತಿಂದ ಇಡೀ ಇಸ್ರೇಲ್ ಜನಾಂಗ. ಅವರ ಕೊನೆಗಾಲದಲ್ಲೇ, 1096ರಲ್ಲಿ, ಕ್ರುಸೇಡಿಗೆ (ಕ್ರೈಸ್ತರ ಧರ್ಮಯುದ್ಧಕ್ಕೆ) ಹೊರಟವರು ರೈನ್ ನದಿಯ ಊರುಗಳಲ್ಲಿ ಯೆಹೂದಿಗಳನ್ನು ಕೊಂದರು. ಅಂಥ ಕಾಲದಲ್ಲಿ ಕೂತು ಓದುವವನಿಗೆ ಆ ಕುರಿಮರಿ ಯಾರಾಗಿ ಕಾಣಬೇಕು ಹೇಳು.

ದಮ್ಮಾಮ್: ನಮ್ಮದು ಮೂರನೇ ದಾರಿ. ಕುರಾನಿನ 4ನೇ ಅಧ್ಯಾಯದ 157, 158ನೇ ವಚನಗಳು. ಅವರನ್ನು ಕೊಲ್ಲಲೂ ಇಲ್ಲ, ಶಿಲುಬೆಗೆ ಏರಿಸಲೂ ಇಲ್ಲ, ಹಾಗೆ ತೋರಿತು ಅಷ್ಟೇ. ಅಲ್ಲಾಹ್ ತನ್ನ ಕಡೆಗೆ ಎತ್ತಿಕೊಂಡ.

ಶಿರಸಿ: ಇಲ್ಲಿ ಸಿಕ್ಕಿಬಿದ್ರಿ. ಸತ್ತರೋ ಇಲ್ಲವೋ ಅನ್ನುವುದಕ್ಕೆ ಮೂರು ಅರ್ಥ ಇರಲ್ಲ. ಆಗಿದೆ ಅಥವಾ ಆಗಿಲ್ಲ.

ನಾನು: ಒಪ್ಪಿದೆ. ಎಲ್ಲವೂ ಸರಿ, ಎಲ್ಲವೂ ಒಂದೇ ಎಂದು ನಾನು ಹೇಳುವುದಿಲ್ಲ. ಹಾಗೆ ಸುಮ್ನೆ ಸವರಿಬಿಟ್ಟರೆ ಮೂವರಿಗೂ ಅವಮಾನ. ಇತಿಹಾಸ ಪಾಠ ಮಾಡಿದವನಾಗಿ ಕೇಳಿದರೆ, ರೋಮನ್ ಅಧಿಕಾರಿ ಪಿಲಾತನ ಕಾಲದಲ್ಲಿ ರೋಮನ್ನರು ಯೇಸುವನ್ನು ಶಿಲುಬೆಗೆ ಹಾಕಿದರು ಎಂದೇ ಹೇಳುತ್ತೇನೆ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕೂಡ ಪಿಲಾತ ಮರಣದಂಡನೆ ಕೊಟ್ಟ ಎಂದು ಬರೆದಿದ್ದಾನೆ. ಆದರೆ ಆ ಸಾವು ಸೋಲೋ, ಬಲಿಯೋ ಎಂದು ಟ್ಯಾಸಿಟಸ್ ಹೇಳಲಾರ. ದಮ್ಮಾಮ್‌ಗೆ ಕುರಾನ್ ದೇವರ ಮಾತು. ಅವನು ಅದನ್ನು ಟ್ಯಾಸಿಟಸ್ ಎದುರು ತಕ್ಕಡಿಯಲ್ಲಿ ಇಡುವುದಿಲ್ಲ. ಅವನನ್ನು ಸುಳ್ಳುಗಾರ ಅನ್ನಲು ನನಗೆ ಬಾಯಿ ಬರುವುದಿಲ್ಲ.

ದಮ್ಮಾಮ್: ನೀನು ಒಪ್ಪದಿದ್ದರೂ ನೇರವಾಗಿ ಹೇಳಿದೆ, ಅದು ಇಷ್ಟ ಆಯಿತು. ಒಂದು ಕೇಳುತ್ತೇನೆ. ಮೂಸಾ (ನಿಮ್ಮ ಮೋಶೆ) ಅವರಿಗೆ ದೇವರು ಹೇಳಿದ್ದು ಬೈಬಲ್ಲಿನಲ್ಲೇ ಇದೆಯಲ್ಲ, ಅವರ ಸಹೋದರರಲ್ಲಿ ನಿನ್ನಂಥ ಒಬ್ಬ ಪ್ರವಾದಿಯನ್ನು ಎಬ್ಬಿಸುತ್ತೇನೆ ಅಂತ? ಇಬ್ರಾಹೀಮರಿಗೆ ಇಸ್ಹಾಕ್, ಇಸ್ಮಾಯಿಲ್ ಎಂದು ಮಕ್ಕಳು. ಯೆಹೂದಿಗಳದು ಇಸ್ಹಾಕರ ವಂಶ, ಅವರಿಗೆ ಸಹೋದರರು ಅಂದರೆ ಇಸ್ಮಾಯಿಲರ ವಂಶ. ಅಂದರೆ ಅರಬರು. ಮೂಸಾ ಅವರಂತೆ ಶಾಸನ ತಂದವರು, ಜನರನ್ನು ಕರೆದುಕೊಂಡು ಹೊರಟವರು ಪ್ರವಾದಿ ಮುಹಮ್ಮದರು.

ಮಂಗಳೂರು: ಅದು ಧರ್ಮೋಪದೇಶಕಾಂಡದ 18ನೇ ಅಧ್ಯಾಯ. ನಮ್ಮ ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಯೇಸುವಿನ ಶಿಷ್ಯ ಪೇತ್ರ ಅದೇ ಮಾತು ಎತ್ತಿ ಯೇಸುವನ್ನು ತೋರಿಸುತ್ತಾನೆ.

ನಾನು: ಯೆಹೂದಿಯನ್ನು ಕೇಳಿದರೆ, ಅದು ಮೋಶೆಯ ಹಿಂದೆ ಬಂದ ಯೆಹೋಶುವ ಮತ್ತು ಉಳಿದ ಇಸ್ರೇಲಿ ಪ್ರವಾದಿಗಳ ಸಾಲು ಅನ್ನುತ್ತಾನೆ. ‘ಸಹೋದರರು’ ಅನ್ನುವ ಒಂದು ಪದದ ಮೇಲೆ ಮೂರು ಮನೆ ನಿಂತಿವೆ. ಅದೇ ಪುಸ್ತಕದ 13ನೇ ಅಧ್ಯಾಯ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಒಬ್ಬ ಬಂದು ಸೂಚಕಕಾರ್ಯ ಮಾಡುತ್ತಾನೆ, ಅವನು ಹೇಳಿದಂತೆಯೇ ಆಗುತ್ತದೆ. ಆದರೂ ಬೇರೆ ದೇವರ ಕಡೆ ಕರೆದರೆ ಅವನ ಮಾತು ಕೇಳಬೇಡಿ ಎಂದಿದೆ. ಪವಾಡ ನಿಜವಾದರೂ ಸಾಲದು! ಆಗಲೇ ಕೈಯಲ್ಲಿರುವ ಪುಸ್ತಕಕ್ಕೆ ಹೊಂದಬೇಕು. ಮೊದಲು ಬಂದವರು ಹಳೆಯ ಪುಸ್ತಕ ಹಿಡಿದು ಹೊಸಬನನ್ನು ಅಳೆಯುತ್ತಾರೆ. ಹೊಸಬನನ್ನು ನಂಬಿದವರು ಅವನ ಬೆಳಕಿನಲ್ಲಿ ಹಳೆಯ ಪುಸ್ತಕವನ್ನೇ ಮತ್ತೆ ಓದುತ್ತಾರೆ. ಈ ಎರಡು ಓದು ಸೇರುವುದೇ ಇಲ್ಲ.

ಹಾಸನ: ಇಷ್ಟೆಲ್ಲ ಯಾಕೆ? ನಮ್ಮಲ್ಲಿ ಈ ಜಗಳವೇ ಇಲ್ಲ. ಎಲ್ಲರೂ ದೊಡ್ಡವರೇ, ಎಲ್ಲರಿಗೂ ಕೈಮುಗಿಯುತ್ತೇವೆ.

ನಾನು: ನಿಮ್ಮ ಅಜ್ಜಿ ಮಧ್ವಾಚಾರ್ಯರ ಬಗ್ಗೆ ಏನು ಹೇಳುತ್ತಿದ್ದರು?

ಹಾಸನ: ಹನುಮ, ಭೀಮ, ಆಮೇಲೆ ಮಧ್ವ. ವಾಯುದೇವರ ಮೂರನೇ ಅವತಾರ.

ನಾನು: ಶೃಂಗೇರಿ ಕಡೆಯ ಸ್ಮಾರ್ತರು ಅದನ್ನು ಹಾಗೇ ಒಪ್ಪುತ್ತಾರಾ? ಮೇಲುಕೋಟೆಯವರಿಗೆ ಆದಿಶೇಷನ ಅವತಾರ ರಾಮಾನುಜರು. ಬುದ್ಧನ ವಿಷಯ ಇನ್ನೂ ಗಟ್ಟಿ. ದಶಾವತಾರದಲ್ಲಿ ಬುದ್ಧನನ್ನು ಒಂಬತ್ತನೆಯವನಾಗಿ ಸೇರಿಸಿ, ನಾವು ಬುದ್ಧನನ್ನೂ ಒಪ್ಪಿದ್ದೇವೆ ಅನ್ನುತ್ತೇವೆ. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಅಂಬೇಡ್ಕರ್ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಒಂದು ಏನು ಗೊತ್ತಾ? ಬುದ್ಧ ವಿಷ್ಣುವಿನ ಅವತಾರ ಎಂದು ನಾನು ನಂಬುವುದಿಲ್ಲ ಎಂಬುದು. ನಾವು ಕೊಟ್ಟ ಜಾಗ ಅವರಿಗೆ ಬೇಕಿರಲಿಲ್ಲ. ಮಂಗಳೂರು ಬೆಳಿಗ್ಗೆ ದಮ್ಮಾಮ್‌ಗೆ ಹೇಳಿದ್ದೂ ಅದನ್ನೇ. ಕೊಡುವವನಿಗೆ ಗೌರವ ಅನ್ನಿಸಿದ್ದು, ತೆಗೆದುಕೊಳ್ಳುವವನಿಗೆ ತನ್ನದು ಕಳೆದುಹೋದಂತೆ ಅನ್ನಿಸುತ್ತದೆ.

ಹಾಸನ: ಬುದ್ಧನ ಪ್ರತಿಜ್ಞೆ ಗೊತ್ತಿರಲಿಲ್ಲ. ಯೋಚನೆ ಮಾಡಬೇಕಾದ್ದೇ.

ಚನ್ನಪಟ್ಟಣ: ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಇದ್ದೆ. ನಾವು ಮಹ್ದವಿಗಳು, ಮುಸ್ಲಿಮರಲ್ಲೇ ಒಂದು ಪಂಗಡ. ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ, ನಾನೂ ಶಾಲೆಯಲ್ಲಿ ಹೇಳಿರಲಿಲ್ಲ. ಉಳಿದ ಮುಸ್ಲಿಮರು ಇಮಾಮ್ ಮಹ್ದಿ, ಅಂದರೆ ಕೊನೆಗಾಲದಲ್ಲಿ ದಾರಿ ತೋರಿಸುವವರು, ಮುಂದೆ ಬರುತ್ತಾರೆ ಎಂದು ಕಾಯುತ್ತಾರೆ. ನಮಗೆ ಅವರು ಬಂದು ಹೋಗಿಯಾಯಿತು. ಜೌನಪುರದಲ್ಲಿ 1443ರಲ್ಲಿ ಹುಟ್ಟಿದ ಸೈಯದ್ ಮುಹಮ್ಮದ್ ಅವರು. 1505ರಲ್ಲಿ ಫರಾಹ್ ಎಂಬಲ್ಲಿ, ಈಗಿನ ಅಫ್ಘಾನಿಸ್ತಾನದಲ್ಲಿ ತೀರಿಕೊಂಡರು. ರಂಜಾನಿನ 27ನೇ ರಾತ್ರಿ ನಾವು ದುಗಾನಾ ಅಂತ ಎರಡು ರಕಾತ್ (ಎರಡು ಸುತ್ತಿನ) ನಮಾಜು ಸೇರಿ ಮಾಡುತ್ತೇವೆ. ಚಿಕ್ಕವನಿದ್ದಾಗ ಅಪ್ಪ ಮಧ್ಯರಾತ್ರಿ ಎಬ್ಬಿಸಿ, ತಣ್ಣೀರಲ್ಲಿ ಮುಖ ತೊಳೆಸಿ ಕರೆದುಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ನಿದ್ದೆಗಣ್ಣಲ್ಲಿ ಅವರ ಹೆಬ್ಬೆರಳು ಹಿಡಿದುಕೊಂಡೇ ಇರುತ್ತಿದ್ದೆ. ಒಮ್ಮೆ ಬೇರೆ ಮೊಹಲ್ಲಾದ ಗೆಳೆಯ “ಇದು ಯಾವ ನಮಾಜು, ನಮ್ಮಲ್ಲಿ ಇಲ್ಲವಲ್ಲ” ಅಂದ. ಅಪ್ಪ ಸುಳ್ಳು ಕಲಿಸಿಕೊಟ್ಟರಾ ಅಂತ ಆವತ್ತು ರಾತ್ರಿ ತುಂಬಾ ಅತ್ತೆ. ಶಿರಸಿ, ನೀನು ಕಳಿಸಿದ್ದರಲ್ಲಿ ‘ಸುಳ್ಳು’ ಅನ್ನುವ ಆ ಪದ ನೋಡಿ ಅದು ನೆನಪಾಯಿತು.

ದಮ್ಮಾಮ್: ನಾವು ನಿಮ್ಮ ಮಾತನ್ನು ಒಪ್ಪುವುದಿಲ್ಲ, ಅದು ನಿನಗೂ ಗೊತ್ತು. ನಮಗೆ ಮಹ್ದಿ ಇನ್ನೂ ಬಂದಿಲ್ಲ. ಆದರೆ ನಿಮ್ಮ ಅಪ್ಪ ಸುಳ್ಳು ಕಲಿಸಿದರು ಅಂತ ನಾನು ಯಾವತ್ತೂ ಹೇಳಲ್ಲ. ಅವರ ಕೈಯಲ್ಲಿ ಎಷ್ಟು ಸಲ ಊಟ ಮಾಡಿದ್ದೇನೆ.

ಚನ್ನಪಟ್ಟಣ: ಗೊತ್ತು ಮಾರಾಯ. ಮಹ್ದಿ ಅಂದರೆ ನಮಗೂ ನಬಿ (ಪ್ರವಾದಿ) ಅಲ್ಲ. ಪ್ರವಾದಿಗಳಲ್ಲಿ ಕೊನೆಯವರು ನಮಗೂ ಮುಹಮ್ಮದರೇ. ಇಷ್ಟು ತಿಳಿದುಕೊಂಡರೆ ಸಾಕು.

ಶಿರಸಿ: ಸಾರಿ ಕಣೋ. ಆ ಪದ ಇಷ್ಟು ದೂರ ಹೋಗುತ್ತದೆ ಅಂದುಕೊಂಡಿರಲಿಲ್ಲ. ಆದರೂ ನನ್ನ ಪ್ರಶ್ನೆ ಹೋಗಿಲ್ಲ. ಕಾಲ ಕಳೆದ ಮೇಲೆ ಯಾರು ನಿಜ ಅಂತ ತಾನಾಗೇ ಗೊತ್ತಾಗಬೇಕಲ್ವಾ?

ನಾನು: ನಾನೂ ಹಾಗೇ ಅಂದುಕೊಂಡಿದ್ದೆ, ಸಬ್ಬತಾಯ್ ಜ಼ೆವಿಯ ಕತೆ ಓದುವ ತನಕ. ಈಗಿನ ಟರ್ಕಿಯ ಇಜ್ಮಿರ್‌ನವನು. 1665ರಲ್ಲಿ ಗಾಜಾದ ನಾಥನ್ ಎಂಬ ಯುವಕ, ಇವನೇ ಮೆಸ್ಸೀಯ ಎಂದು ಸಾರಿದ. ಯೆಮನ್‌ನಿಂದ ಆಮ್‌ಸ್ಟರ್‌ಡಾಮ್ ತನಕ ಯೆಹೂದಿಗಳು ನಂಬಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಸುಲ್ತಾನನ ಮುಂದೆ ನಿಲ್ಲಿಸಿದಾಗ ಅವನು ಮುಸ್ಲಿಮನಾಗಿ ಪೇಟ ಸುತ್ತಿಕೊಂಡ. ಇದಕ್ಕಿಂತ ಸ್ಪಷ್ಟವಾಗಿ ಕಾಲ ಇನ್ನೇನು ಹೇಳಬೇಕು? ಹೆಚ್ಚಿನವರು ಮನಸ್ಸು ಮುರಿದು ಹಿಂದೆ ಸರಿದರು. ಆದರೆ ಎಲ್ಲರೂ ಅಲ್ಲ. ಇದರಲ್ಲೂ ಏನೋ ಗುಟ್ಟಿದೆ ಎಂದು ಕೆಲವರು ಅವನ ಹಿಂದೆಯೇ ಹೋದರು. ಈಗ ಗ್ರೀಸಿನಲ್ಲಿರುವ ಸಲೋನಿಕಾದಲ್ಲಿ ಅವರ ವಂಶದವರು ದೋನ್ಮೆ ಎಂಬ ಹೆಸರಿನಲ್ಲಿ ಶತಮಾನಗಳ ಕಾಲ ಉಳಿದರು.

ನಾನು: ಆಗ ಜರ್ಮನಿಯ ಹ್ಯಾಂಬರ್ಗಿನಲ್ಲಿ ಗ್ಲೂಕೆಲ್ ಎಂಬ ಯೆಹೂದಿ ಹೆಣ್ಣುಮಗಳಿದ್ದಳು. ತನ್ನ ನೆನಪುಗಳಲ್ಲಿ ಇದನ್ನು ಬರೆದಿಟ್ಟಿದ್ದಾಳೆ. ಅವಳ ಮಾವ ಸುದ್ದಿ ಕೇಳಿ ಹಾಮೆಲ್ನ್‌ನಲ್ಲಿದ್ದ ಮನೆ ಬಿಟ್ಟರು. ಎರಡು ದೊಡ್ಡ ಪೀಪಾಯಿ ತುಂಬಿಸಿ ಇವಳ ಮನೆಗೆ ಕಳಿಸಿದರು. ಹ್ಯಾಂಬರ್ಗಿನಲ್ಲಿ ಹಡಗು ಹತ್ತಿ ಪವಿತ್ರ ನಾಡಿಗೆ ಹೊರಡಬೇಕಲ್ಲ! ಅದರಲ್ಲಿ ಬಟ್ಟೆ, ಬಟಾಣಿ, ಬೀನ್ಸ್ ಕಾಳು, ಒಣಗಿಸಿದ ಮಾಂಸ, ಒಣ ಹಣ್ಣು. ಕೆಡದೆ ಉಳಿಯುವಂಥದ್ದೆಲ್ಲ.

ಮಂಗಳೂರು: ಅಯ್ಯೋ. ಆಮೇಲೆ?

ನಾನು: ಒಂದು ವರ್ಷದ ಮೇಲಾಯಿತು. ಪೀಪಾಯಿ ಅಲ್ಲೇ ಇತ್ತು. ಮಾಂಸ ಕೆಡಬಹುದು ಎಂದು ಆ ಮುದುಕರಿಗೆ ಹೆದರಿಕೆ ಶುರುವಾಯಿತು. ಪೀಪಾಯಿ ತೆಗೆದು ತಿನ್ನುವ ಸಾಮಾನು ಹೊರಗೆ ಹಾಕಿ ಎಂದು ಸೊಸೆಗೆ ಬರೆದು ಕಳಿಸಿದರು.

ಶಿರಸಿ: ಬಟ್ಟೆ?

ನಾನು: ಬಟ್ಟೆ ಹಾಳಾಗಬಾರದು ಅಂತಲೇ ತಿನ್ನುವ ಸಾಮಾನು ತೆಗೆಸಿದ್ದು. ಪೀಪಾಯಿಗಳು ಮೂರು ವರ್ಷ ಹಾಗೇ ಸಿದ್ಧವಾಗಿ ನಿಂತಿದ್ದವಂತೆ.