ಪಕ್ಕದ ಮನೆ ಮಗುವಿನ ಕಿವಿ ಮೇಲೆ ನೀಲಿ ಗುರುತು, ಯಾರಿಗೆ ಹೇಳೋದು? ಅನುಭವ ಇದ್ದವರು ಬರೆಯಿರಿ

ಸಾಗರದ ಬಾಡಿಗೆದಾರ:
ಸಾಗರ ಪೇಟೆಯಿಂದ ಸ್ವಲ್ಪ ಆಚೆ, ವಠಾರದ ಮನೆ. ಪಕ್ಕದ ಬಾಗಿಲಿಗೆ ಈ ಮಳೆಗಾಲದಲ್ಲಿ ಒಬ್ಬ ಹೆಂಗಸು, ಅವಳ ಮಗು, ಜೊತೆಗೆ ಒಬ್ಬ ಗಂಡಸು ಬಂದರು. ಅವನು ಮಗುವಿನ ಅಪ್ಪ ಅಲ್ಲ. ಮಗುವಿಗೆ ಈಗ ಹತ್ತು ತಿಂಗಳು. ಅವಳು ಬೆಳಿಗ್ಗೆ ಅಡಿಕೆ ಸುಲಿಯಲು ಹೋಗುತ್ತಾಳೆ, ಮಗು ಅವನ ಹತ್ತಿರ ಇರುತ್ತದೆ. ಮೊನ್ನೆ ಮಗುವಿನ ಕಿವಿ ಮೇಲೆ, ಪಕ್ಕೆ ಮೇಲೆ ನೀಲಿಗಟ್ಟಿದ್ದು ನೋಡಿದೆವು. ತಾಯಿ ನನ್ನ ಹೆಂಡತಿಗೆ ತೊಟ್ಟಿಲಿಂದ ಬಿತ್ತು ಅಂದಳು, ಓನರ್ ಅಮ್ಮನಿಗೆ ಬಾಗಿಲು ತಾಗಿತು ಅಂದಳಂತೆ. ಓನರ್ ಹೇಳುವುದು ಒಂದೇ, ಬಾಡಿಗೆ ಸರಿಯಾಗಿ ಬರುತ್ತಿದೆ, ಸುಮ್ನಿರಿ. ಮಗು ಸತ್ತ ಮೇಲೆ ಪೇಪರಿನವರ ಮುಂದೆ ‘ನಮಗೆ ಮೊದಲೇ ಅನುಮಾನ ಇತ್ತು’ ಅನ್ನುವ ನೆರೆಯವರ ಸಾಲಿಗೆ ಸೇರಲು ನನಗೆ ಮನಸ್ಸಿಲ್ಲ. ಯಾವ ಮನೆಯಲ್ಲಿ ನಿಜವಾಗಿ ಅಪಾಯ ಇರುತ್ತದೆ? ಯಾರಿಗೆ ಹೇಳಬೇಕು? ಹೇಳಿದವರಿಗೆ ಏನಾಗುತ್ತದೆ?

ಹೊಸನಗರದ ಟೀಚರಮ್ಮ:
ಅಂಗನವಾಡಿಯಲ್ಲಿ ಇದ್ದು ರಿಟೈರ್ ಆದವಳು ನಾನು. ಹೇಳಿದವರಿಗೆ ಏನಾಗುತ್ತದೆ ಅಂತ ಕೇಳಿದಿರಲ್ಲ, ಕೇಳಿ. ನಮ್ಮೂರಲ್ಲಿ ತೋಟ, ಗದ್ದೆ, ಎರಡು ಕಾರು ಇದ್ದ ಮನೆ. ಮಲತಂದೆಯೂ ಇಲ್ಲ, ಕುಡಿತವೂ ಇಲ್ಲ. ಹೊಡೆಯುತ್ತಿದ್ದವನು ಸ್ವಂತ ಅಪ್ಪ. ಮೂರು ವರ್ಷದ ಹುಡುಗ ಚಡ್ಡಿಯಲ್ಲಿ ಉಚ್ಚೆ ಮಾಡಿಕೊಂಡ ಅಂತ ಒದ್ದಿದ್ದ. ತೂಕ ಹಾಕುವಾಗ ಅಂಗಿ ಎತ್ತಿದೆ, ಹೊಟ್ಟೆ ಪೂರ್ತಿ ಹಸಿರು ಹಳದಿ. ಅವತ್ತೇ ಸೂಪರ್‌ವೈಸರ್‌ಗೆ ಹೇಳಿದೆ, ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಹಚ್ಚಿದೆ. ಆಮೇಲೆ ಶುರುವಾಯಿತು ನೋಡಿ. ಅಂಗನವಾಡಿ ಇದ್ದದ್ದು ಅವರ ದೊಡ್ಡಪ್ಪನ ಕಟ್ಟಡದಲ್ಲಿ, ಖಾಲಿ ಮಾಡಿಸಿದರು. ಪಾತ್ರೆ, ಅಕ್ಕಿ ಮೂಟೆ ಎಲ್ಲ ನನ್ನ ಮನೆ ಜಗಲಿಗೆ ಬಂತು. ಜೀಪಿನ ಬಾಡಿಗೆ 900 ರೂಪಾಯಿ ಕೈಯಿಂದ ಕೊಟ್ಟೆ, ಇವತ್ತಿಗೂ ವಾಪಸ್ ಬಂದಿಲ್ಲ. ನಮ್ಮ ತೋಟಕ್ಕೆ ಅವರ ಮೇಲಿನ ಹಳ್ಳದಿಂದ ಬರುತ್ತಿದ್ದ ನೀರಿನ ಕಾಲುವೆ ಮುಚ್ಚಿದರು. ಆ ಬೇಸಿಗೆಯಲ್ಲಿ ನಲವತ್ತು ಅಡಿಕೆ ಮರ ಒಣಗಿತು, ಮರಕ್ಕೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹೇಳಿಕೆ ಕೊಡಲು ಶಿವಮೊಗ್ಗಕ್ಕೆ ಹೋಗಿ ಕೂತರೆ ಒಬ್ಬ ಸದಸ್ಯರು ರಜೆ, ಮತ್ತೆ ಬನ್ನಿ ಅಂದರು. ಆ ಮಳೆಯಲ್ಲಿ ಬಸ್ಸಿಳಿದು ಆಟೋಕ್ಕೆ 120 ಕೊಟ್ಟು ಹೋದದ್ದು. ಹುಡುಗ ಈಗ ಅಜ್ಜಿ ಮನೆಯಲ್ಲಿದ್ದಾನೆ, ಪಿಯುಸಿ. ನಾನು ಮಾಡಿದ್ದು ಸರಿ. ಊರಿನವರು ಇವತ್ತಿಗೂ ಮದುವೆ ಕಾಗದ ಕೊಡುವುದಿಲ್ಲ, ಕೊಡದಿದ್ದರೆ ಉಡುಗೊರೆ ದುಡ್ಡು ಉಳಿಯಿತು.

ಭದ್ರಾವತಿ ಗ್ಯಾರೇಜ್:
‘ಅವನು ಮಗುವಿನ ಅಪ್ಪ ಅಲ್ಲ’ ಅನ್ನುವುದನ್ನೇ ಮೊದಲು ಬರೆದಿರಿ, ಅಲ್ವಾ. ಅಲ್ಲಿಗೇ ತೀರ್ಪು ಆಯಿತು. ನಾನೂ ಅಪ್ಪ ಅಲ್ಲ. ನನ್ನ ಹೆಂಡತಿಗೆ ಮೊದಲ ಮದುವೆಯಲ್ಲಿ ಹುಟ್ಟಿದ ಮಗಳು, ನಾನು ಎತ್ತಿಕೊಂಡಾಗ ಐದು ತಿಂಗಳು. ಮಗುವಿನ ಸೊಂಟದ ಕೆಳಗೆ, ಕುಂಡಿ ಮೇಲೆ ಬೂದು ನೀಲಿ ಮಚ್ಚೆ ಇತ್ತು. ಹುಟ್ಟಿನಿಂದಲೇ ಇದ್ದದ್ದು, ನಮ್ಮ ಕಡೆ ಎಷ್ಟೋ ಮಕ್ಕಳಿಗೆ ಇರುತ್ತದೆ, ಮಂಗೋಲಿಯನ್ ಸ್ಪಾಟ್ ಅನ್ನುತ್ತಾರೆ, ಮಗು ದೊಡ್ಡದಾದ ಹಾಗೆ ಮಾಸಿ ಹೋಗುತ್ತದೆ. ಪಕ್ಕದ ಮನೆಯವರೊಬ್ಬರು ಅದನ್ನು ನೋಡಿ ಫೋನ್ ಮಾಡಿದರು. ಪೊಲೀಸರು ಗ್ಯಾರೇಜಿಗೇ ಬಂದರು, ಗಿರಾಕಿಗಳ ಎದುರು. ವಕೀಲರಿಗೆ 18 ಸಾವಿರ, ಮಗುವಿಗೆ ಮೈಯೆಲ್ಲ ಎಕ್ಸ್‌ರೇ, ಸ್ಕ್ಯಾನಿಂಗ್, ಓಡಾಟ ಸೇರಿ ಇನ್ನೊಂದು 11 ಸಾವಿರ. ಎಂಜಿನ್ ಬಿಚ್ಚಿಟ್ಟ ಬುಲೆಟ್ ಒಂದು ಹಾಗೇ ಬಿದ್ದಿತ್ತು, ಅದರ ಓನರ್ ಬಂದು ಬಿಡಿಭಾಗ ಚೀಲಕ್ಕೆ ತುಂಬಿಕೊಂಡು ಬೇರೆ ಕಡೆ ಹೋದ. ಹೆಂಡತಿಯ ಅಣ್ಣ ಮಗುವನ್ನು ಕರೆದುಕೊಂಡು ಹೋಗುತ್ತೇನೆ ಅಂತ ಬಂದು ಕೂತ. ಡಾಕ್ಟರು ಮಚ್ಚೆ ಅಂತ ಬರೆದುಕೊಟ್ಟ ಮೇಲೂ ಆ ಪಕ್ಕದ ಮನೆಯವರು ಒಂದು ದಿನ ಬಂದು ‘ತಪ್ಪಾಯಿತು’ ಅನ್ನಲಿಲ್ಲ. ಮಗಳು ಈಗ ಆರನೇ ಕ್ಲಾಸು, ಆ ಮನೆ ಮುಂದೆ ಹೋಗಬೇಕಾದರೆ ನಾನು ಇವತ್ತಿಗೂ ಗಾಡಿ ಸ್ಪೀಡ್ ಮಾಡುತ್ತೇನೆ.

ನೈಟ್ ಡ್ಯೂಟಿ ಸಿಸ್ಟರ್:
ಗ್ಯಾರೇಜ್ ಅಣ್ಣ, ಮಚ್ಚೆ ಒತ್ತಿದರೆ ನೋಯುವುದಿಲ್ಲ, ವಾರ ಕಳೆದರೂ ಬಣ್ಣ ಬದಲಾಗುವುದಿಲ್ಲ. ಏಟಿನ ಗುರುತು ಬದಲಾಗುತ್ತದೆ. ಡಾಕ್ಟರಿಗೆ ತೋರಿಸಿದರೆ ಗೊತ್ತಾಗುವಂಥದ್ದು, ಗೊತ್ತಾಯಿತು. ನಿಮ್ಮ ದುಡ್ಡು ಹೋಯಿತು, ಒಪ್ಪಿದೆ. ಮಕ್ಕಳ ವಾರ್ಡಿನಲ್ಲಿ ನಾನು ನೋಡಿದ್ದರಲ್ಲಿ ಒಂದು ಹೇಳುತ್ತೇನೆ. ಎರಡು ತಿಂಗಳ ಕೂಸು. ಮೈಮೇಲೆ ಒಂದು ಗೀರೂ ಇಲ್ಲ. ವಾಂತಿ, ತೂಕಡಿಕೆ, ಆಮೇಲೆ ಫಿಟ್ಸ್. ಅಳು ನಿಲ್ಲಲಿಲ್ಲ ಅಂತ ಹಿಡಿದು ಕುಲುಕಿದ್ದರು. ಹಸುಳೆಯ ತಲೆ ಭಾರ, ಕುತ್ತಿಗೆಗೆ ಶಕ್ತಿ ಇಲ್ಲ. ಕುಲುಕಿದರೆ ಮೆದುಳಿನ ಮೇಲಿನ ಸಣ್ಣ ರಕ್ತನಾಳ ಕಿತ್ತು ಒಳಗೇ ರಕ್ತ ತುಂಬುತ್ತದೆ. ಕಣ್ಣಿನ ಡಾಕ್ಟರು ಬಂದು ಕಣ್ಣಿನೊಳಗೆ ಹಿಂಭಾಗದಲ್ಲಿ ರಕ್ತ ಇದೆ ಅಂದಾಗ ನಮಗೆ ಖಾತ್ರಿಯಾಯಿತು. ಕರೆದುಕೊಂಡು ಬಂದದ್ದು ಮಾರನೇ ದಿನ ಮಧ್ಯಾಹ್ನ. ಮಗು ಉಳಿಯಲಿಲ್ಲ. ಮಕ್ಕಳ ಅಳು ಜೋರಾಗುವುದೇ ಆರರಿಂದ ಎಂಟನೇ ವಾರದ ಹೊತ್ತಿಗೆ, ಅದು ಗೊತ್ತಿಲ್ಲದೆ ಮಗುವಿಗೆ ಹಟ ಅನ್ನುತ್ತಾರೆ.

ನಮಗೆ ಕಲಿಸಿದ ಲೆಕ್ಕ ಸುಲಭ. ನಾಲ್ಕು ವರ್ಷದೊಳಗಿನ ಮಗುವಿಗೆ ಹೊಟ್ಟೆ, ಬೆನ್ನು, ಪಕ್ಕೆ, ಕಿವಿ, ಕುತ್ತಿಗೆ ಈ ಕಡೆ ನೀಲಿಗಟ್ಟಿದ್ದರೆ, ಕಾರಣ ಸರಿಯಾಗಿ ಸಿಗದಿದ್ದರೆ, ಅನುಮಾನ ಪಡಬೇಕು. ನಾಲ್ಕು ತಿಂಗಳೂ ತುಂಬದ ಕೂಸಿಗೆ ಎಲ್ಲಿ ನೀಲಿಗಟ್ಟಿದರೂ ಅನುಮಾನವೇ. ಓಡಾಡುವ ಮಕ್ಕಳು ಬಿದ್ದರೆ ಹಣೆ, ಮೊಣಕಾಲು, ಮುಂಗಾಲಿಗೆ ಏಟು. ಬಿದ್ದು ಕಿವಿ ನೀಲಿಯಾಗುವುದು ಅಪರೂಪ. ಮತ್ತೆ ಒಬ್ಬೊಬ್ಬರಿಗೆ ಒಂದೊಂದು ಕತೆ ಹೇಳುವುದು, ಅದು ನನಗೆ ಎಲ್ಲಕ್ಕಿಂತ ಭಯ.

ಭದ್ರಾವತಿ ಗ್ಯಾರೇಜ್:
ನೋಡಿದಿರಾ, ನಿಮ್ಮ ಲೆಕ್ಕದಲ್ಲಿ ಎಲ್ಲೂ ‘ಅಪ್ಪ ಅಲ್ಲದವನು’ ಇಲ್ಲ.

ನೈಟ್ ಡ್ಯೂಟಿ ಸಿಸ್ಟರ್:
ಇದೆ ಅಣ್ಣ, ನಿಮಗೆ ಬೇಜಾರಾಗುತ್ತೆ ಅಂತ ಬರೆದಿರಲಿಲ್ಲ. ಅಮೆರಿಕದ ಮಿಸೌರಿಯಲ್ಲಿ ಏಟಿನಿಂದ ಸತ್ತ ಪುಟ್ಟ ಮಕ್ಕಳ ಲೆಕ್ಕ ತೆಗೆದು 2005ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ರಕ್ತಸಂಬಂಧ ಇಲ್ಲದ ದೊಡ್ಡವರಿದ್ದರೆ, ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಿಂತ ಅಪಾಯ ಹತ್ತಿರ ಹತ್ತಿರ 50 ಪಟ್ಟು. ಅದೇ ಅಧ್ಯಯನದಲ್ಲಿ, ಬೇರೆ ದೊಡ್ಡವರಿಲ್ಲದೆ ಒಬ್ಬಳೇ ತಾಯಿ ಸಾಕುವ ಮನೆಯಲ್ಲಿ ಅಪಾಯ ಜಾಸ್ತಿ ಇರಲಿಲ್ಲ. ಬಹಳಷ್ಟು ಕಡೆ ಕೈ ಮಾಡಿದವನು ಗಂಡಸು. ಆದರೆ 50 ಪಟ್ಟು ಅಂದರೂ ಮೂಲ ಸಂಖ್ಯೆ ಚಿಕ್ಕದು. ನಿಮ್ಮಂಥ ಸಾವಿರಾರು ಜನ ಮಗುವನ್ನು ಚೆನ್ನಾಗಿ ಸಾಕುತ್ತಾರೆ. ಅಮೆರಿಕದ ಒಟ್ಟು ಲೆಕ್ಕ ನೋಡಿದರೆ ದೌರ್ಜನ್ಯ, ಅಲಕ್ಷ್ಯದಿಂದ ಮಕ್ಕಳು ಸತ್ತ ಪ್ರಕರಣಗಳಲ್ಲಿ ಜಾಸ್ತಿ ಕಾಣುವುದು ಹೆತ್ತವರೇ. ಸತ್ತವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ವರ್ಷ ತುಂಬದ ಮಕ್ಕಳು. ಅದರಲ್ಲಿ ಹೊಡೆತಕ್ಕಿಂತ ಜಾಸ್ತಿ ಅಲಕ್ಷ್ಯ.

ಭದ್ರಾವತಿ ಗ್ಯಾರೇಜ್:
50 ಪಟ್ಟು ಅಂತ ದಪ್ಪ ಅಕ್ಷರದಲ್ಲಿ ಹೇಳಿ, ಚಿಕ್ಕ ಅಕ್ಷರದಲ್ಲಿ ‘ನಿಮ್ಮಂಥವರು ಒಳ್ಳೆಯವರು’. ಪಕ್ಕದ ಮನೆಯವರು ಓದುವುದು ಮೊದಲನೆಯದನ್ನು ಮಾತ್ರ ಸಿಸ್ಟರ್.

ಕೊಪ್ಪದ ತಂಗಿ:
ಗಂಡಸರ ಬಗ್ಗೆ ಜಗಳ ಸಾಕು. ನನ್ನ ಅಕ್ಕನ ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಎರಡನೇ ಹೆರಿಗೆ ಆಗಿ ಬಾಣಂತನದಲ್ಲಿದ್ದಳು. ನಿದ್ದೆ ಇಲ್ಲ, ಊಟ ಇಲ್ಲ, ‘ಈ ಮಗುವನ್ನು ಯಾರೋ ಬದಲಾಯಿಸಿದ್ದಾರೆ’ ಅನ್ನುತ್ತಿದ್ದಳು. ಅತ್ತೆ ಮನೆಯವರು ಗಾಳಿ ಅಂತ ತಾಯಿತ ಕಟ್ಟಿಸಿದರು, 2,500. ದೇವಸ್ಥಾನಕ್ಕೆ ಕಾರು ಮಾಡಿಕೊಂಡು ಹೋದದ್ದು 4,000. ಜ್ಯೋತಿಷ್ಯದವರು ಶಾಂತಿ ಮಾಡಿಸಿ ಅಂತ ಹೇಳಿ 16 ಸಾವಿರದ ಪಟ್ಟಿ ಕೊಟ್ಟರು, ಅದಕ್ಕೆ ದುಡ್ಡು ಹೊಂದಿಸುತ್ತಿರುವಾಗಲೇ ಒಂದು ರಾತ್ರಿ ಅವಳು ಮಗುವನ್ನು ಎತ್ತಿಕೊಂಡು ಬಾವಿಕಟ್ಟೆಗೆ ಹೋದಳು. ನಾನು ಎಚ್ಚರ ಇದ್ದೆ. ಅವತ್ತು ಬೆಳಿಗ್ಗೆಯೇ ಕಾರು ಹತ್ತಿಸಿ ಬೆಂಗಳೂರು, ನಿಮ್ಹಾನ್ಸ್. ಅಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಳ್ಳುವ ವಾರ್ಡು ಇದೆ, ಮಗುವನ್ನು ಬೇರೆ ಮಾಡಲಿಲ್ಲ. ಈಗ ಅಕ್ಕ ಸರಿ ಇದ್ದಾಳೆ, ಇಬ್ಬರು ಮಕ್ಕಳ ಟಿಫಿನ್ ಬಾಕ್ಸ್ ಕಟ್ಟುತ್ತಾಳೆ. ಭಾವ ಮಾತ್ರ ಜಗಳ ಬಂದಾಗೆಲ್ಲ ‘ಬಾವಿ’ ಅನ್ನುತ್ತಾನೆ. ಬಾಣಂತಿಯರ ಖಿನ್ನತೆ ಪತ್ತೆ ಮಾಡಲು ಹತ್ತು ಪ್ರಶ್ನೆಯ ಒಂದು ಕಾಗದ ಇದೆ, ಎಡಿನ್‌ಬರೋದವರು 1987ರಲ್ಲಿ ಮಾಡಿದ್ದು, ಕನ್ನಡದಲ್ಲೂ ಇದೆ. ಇಂಜೆಕ್ಷನ್ ಹಾಕಿಸಲು ಹೋದಾಗ ಅದನ್ನೊಮ್ಮೆ ಕೇಳಿದ್ದರೆ ಸಾಕಿತ್ತು. ಈಗ ಮಾನಸಿಕ ಆರೋಗ್ಯಕ್ಕೆ 14416 ಟೆಲಿ ಮಾನಸ್ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆಗ ಇರಲಿಲ್ಲ.

ಶಿಕಾರಿಪುರದವ:
ಎಲ್ಲಕ್ಕೂ ಮೂಲ ಕುಡಿತ. ನಮ್ಮ ಚಿಕ್ಕಪ್ಪ ಕುಡಿದು ಬಂದು ಮಗುವಿನ ಮೇಲೆ ಮಲಗಿಬಿಟ್ಟಿದ್ದ, ದೇವರ ದಯೆ ಚಿಕ್ಕಮ್ಮ ಎಳೆದಳು. ಸಾರಾಯಿ ನಿಷೇಧ ಮಾಡಿ 2007ರಿಂದ ಏನು ಬದಲಾಯಿತು? ಪ್ಯಾಕೆಟ್ಟಿನ ಬದಲು ಕ್ವಾರ್ಟರ್. ದಿನದ ಕೂಲಿಯಲ್ಲಿ ಅರ್ಧ ಅಲ್ಲಿಗೇ.

ಹೊಸನಗರದ ಟೀಚರಮ್ಮ:
ನಾನು ಬರೆದದ್ದು ಓದಿದಿರಾ ತಮ್ಮಾ? ಆ ಅಪ್ಪ ಒಂದು ಹನಿ ಮುಟ್ಟುತ್ತಿರಲಿಲ್ಲ. ಶನಿವಾರ ಉಪವಾಸ ಬೇರೆ.

ತುಂಗಾ ದಂಡೆ:
ನೀವೆಲ್ಲ ಹೀಗೆ ಹೆದರಿಸಿದರೆ ಇನ್ನು ಮಕ್ಕಳಿಗೆ ಒಂದು ಮಾತು ಹೇಳುವ ಹಾಗಿಲ್ಲ. ನಮ್ಮಪ್ಪ ಅಡಿಕೆ ಹಾಳೆಯಲ್ಲಿ ಬಾರಿಸಿಯೇ ನಮ್ಮನ್ನು ಮನುಷ್ಯರನ್ನಾಗಿ ಮಾಡಿದ್ದು. ನನ್ನ ಮಗನಿಗೆ ಕಾಮಾಲೆ ಆದಾಗ ಅಜ್ಜಿ ಬರೆ ಹಾಕಿದರು, ಆಸ್ಪತ್ರೆಗೆ ಹೋದರೆ ಒಬ್ಬ ಚಿಕ್ಕ ಡಾಕ್ಟರು ನಮ್ಮನ್ನು ಕೊಲೆಗಾರರ ಹಾಗೆ ನೋಡಿದ. ಅದೂ ದೌರ್ಜನ್ಯವಾ?

ನೈಟ್ ಡ್ಯೂಟಿ ಸಿಸ್ಟರ್:
ಹೌದು. ಹಸುಳೆಗೆ ಕಾಯಿಸಿದ ಕಬ್ಬಿಣ ಇಡುವುದಕ್ಕೆ ಇನ್ನೇನು ಹೆಸರು? ಬರೆ ಗಾಯಕ್ಕೆ ಸೋಂಕು ಹತ್ತಿ, ರಕ್ತಕ್ಕೆ ಇಳಿದು, ವಾರ್ಡಿಗೆ ಬಂದ ಮಕ್ಕಳನ್ನು ನಾನು ಎತ್ತಿಕೊಂಡಿದ್ದೇನೆ. ಹಸುಳೆಯ ಕಾಮಾಲೆಗೆ ಫೋಟೋಥೆರಪಿ ಇದೆ, ಆಸ್ಪತ್ರೆಯ ನೀಲಿ ದೀಪದ ಕೆಳಗೆ ಮಲಗಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ.

ತುಂಗಾ ದಂಡೆ:
ಅಜ್ಜಿಗೂ ಕೊಲೆಗಾರನಿಗೂ ವ್ಯತ್ಯಾಸ ಗೊತ್ತಿಲ್ಲದವರ ಹತ್ತಿರ ಮಾತಾಡುವುದಿಲ್ಲ. ನಮ್ಮಜ್ಜಿ ಇಡೀ ಊರಿನ ಹೆರಿಗೆ ಮಾಡಿಸಿದವರು.

ಕೊಪ್ಪದ ತಂಗಿ:
ಅಜ್ಜಿ ಸುದ್ದಿ ಬಿಡಿ ಮಾರಾಯ್ರೆ. ಅಡಿಕೆ ಹಾಳೆ ಅಂತ ಹೆಮ್ಮೆ ಪಡುತ್ತೀರಲ್ಲ, ಕೇಂದ್ರ ಸರ್ಕಾರವೇ 2007ರಲ್ಲಿ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಕೇಳಿತ್ತು. ಮೂವರಲ್ಲಿ ಇಬ್ಬರು ಏಟು ತಿಂದವರು. ಮನೆಯಲ್ಲಿ ಏಟು ತಿಂದವರಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಮಕ್ಕಳಿಗೆ ಹೊಡೆದದ್ದು ಅಪ್ಪ ಅಮ್ಮನೇ. ಎಲ್ಲರ ಮನೆಯಲ್ಲೂ ಹಾಳೆ ಇತ್ತು ಅಂದಾಯಿತು.

ತುಂಗಾ ದಂಡೆ:
ಹೌದು, ಎಲ್ಲರೂ ಬದುಕಿದ್ದೇವೆ.

ಹೊಸನಗರದ ಟೀಚರಮ್ಮ:
ಬದುಕಿದವರು ತಾನೇ ಇಲ್ಲಿ ಬರೆಯುವುದು.

ಸಾಗರದ ತಮ್ಮಾ, ನಿಮ್ಮ ಕೆಲಸಕ್ಕೆ ಬನ್ನಿ. 1098ಕ್ಕೆ ಹೇಳಿ. 2023ರಲ್ಲಿ ಅದು ಸರ್ಕಾರದ ಕೈಗೆ ಬಂದು ತುರ್ತು ನಂಬರ್ 112ಕ್ಕೆ ಜೋಡಿಸಿದ್ದಾರೆ. ಹೆಸರು ಹೇಳಲೇಬೇಕು ಅಂತಿಲ್ಲ. ನೀವೇ ಪತ್ತೇದಾರಿ ಮಾಡಿಕೊಂಡು ಅವನ ಹತ್ತಿರ ಹೋಗಿ ‘ಯಾಕೆ ಹೊಡೆದೆ’ ಅಂತ ಕೇಳಬೇಡಿ, ಮನೆ ಖಾಲಿ ಮಾಡಿಕೊಂಡು ರಾತ್ರೋರಾತ್ರಿ ಹೊರಡುತ್ತಾರೆ, ಆಮೇಲೆ ಮಗುವಿಗೆ ಯಾರೂ ಇಲ್ಲ. ಶಿವಮೊಗ್ಗದಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ, ಅಲ್ಲಿಗೂ ಹೇಳಬಹುದು. ಮಗುವನ್ನು ಕರೆದುಕೊಂಡು ಹೋದರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ತರಬೇಕು. ಸುಮ್ನೆ ಯಾರ ಕೈಗೋ ಕೊಡುವ ಹಾಗಿಲ್ಲ. ಮಗುವನ್ನು ನೋಡಿಕೊಳ್ಳುವ ಹೊಣೆ ಇದ್ದವರೇ ಹೊಡೆದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು. ಫೋಟೋ ತೆಗೆದು ಗ್ರೂಪಿಗೆ ಹಾಕಬೇಡಿ, ಮಗುವಿನ ಗುರುತು ಹೊರಗೆ ಹಾಕುವುದೂ ಅಪರಾಧವೇ.

ಭದ್ರಾವತಿ ಗ್ಯಾರೇಜ್:
ಟೀಚರಮ್ಮ, 112 ಅಂದರೆ ಬರುವುದು ಪೊಲೀಸ್ ಜೀಪು. ವಠಾರದ ಮುಂದೆ ಜೀಪು ನಿಂತರೆ ಏನಾಗುತ್ತದೆ ಅಂತ ನನ್ನ ಗ್ಯಾರೇಜ್ ಕೇಳಿ. ಯೂನಿಫಾರ್ಮ್ ಇಲ್ಲದವರನ್ನು ಕಳಿಸಿ ಅಂತ ಒತ್ತಿ ಹೇಳಿ, ಮೊದಲು ಡಾಕ್ಟರಿಗೆ ತೋರಿಸಿ ಅಂತಲೂ ಹೇಳಿ. ಅಷ್ಟೇ ನಾನು ಹೇಳುವುದು. ಫೋನ್ ಮಾಡಬೇಡಿ ಅಂತ ನಾನು ಎಲ್ಲೂ ಬರೆದಿಲ್ಲ.

ಸಾಗರದ ಬಾಡಿಗೆದಾರ:
ಮಧ್ಯಾಹ್ನ ಫೋನ್ ಮಾಡಿದೆ. ತಾಲ್ಲೂಕು, ಮನೆ ಗುರುತು, ಮಗುವಿನ ವಯಸ್ಸು, ಗುರುತು ಎಲ್ಲೆಲ್ಲಿ, ಯಾವ ಹೊತ್ತಿಗೆ ತಾಯಿ ಮನೆಯಲ್ಲಿ ಇರುವುದಿಲ್ಲ ಅಂತ ಕೇಳಿದರು. ಕಿವಿ ಅಂದ ಕೂಡಲೇ ಆ ಹುಡುಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಇವತ್ತೇ ಬರುತ್ತೇವೆ ಅಂದಳು. ಯೂನಿಫಾರ್ಮ್ ಬೇಡ ಅಂತ ಹೇಳಿದ್ದೇನೆ ಗ್ಯಾರೇಜ್ ಅಣ್ಣ. ಓನರಿಗೆ ಇನ್ನೂ ಹೇಳಿಲ್ಲ. ಅಡ್ವಾನ್ಸ್ 20 ಸಾವಿರ ಅವರ ಹತ್ತಿರ ಇದೆ. ಮನೆ ಬಿಡಿಸಿದರೆ ವಾಪಸ್ ಕೊಡುತ್ತಾರಾ, ಯಾರಿಗಾದರೂ ಗೊತ್ತಾ?

ಶಿಕಾರಿಪುರದವ:
ಅಗ್ರಿಮೆಂಟ್ ಬರೆಸಿದ್ದೀರಾ ಇಲ್ವಾ ಅದು ಮೊದಲು ಹೇಳಿ. ನನಗೆ ಒಬ್ಬ ಓನರ್ ಬಣ್ಣ ಹೊಡೆಸಿದ್ದು ಅಂತ ಆರು ಸಾವಿರ ಹಿಡಿದುಕೊಂಡ, ಗೋಡೆಗೆ ಸುಣ್ಣವೂ ಕಂಡಿರಲಿಲ್ಲ.

ತುಂಗಾ ದಂಡೆ:
ಅಜ್ಜಿ ವಿಷಯಕ್ಕೆ ಸಿಸ್ಟರ್ ಇನ್ನೂ ಉತ್ತರ ಕೊಟ್ಟಿಲ್ಲ.