ಅಪ್‌ಡೇಟ್: ಡೈನಾಮಿಕ್ ಧ್ಯಾನದಲ್ಲಿ ತಲೆಸುತ್ತು, ಮೊಣಕಾಲು ನೋವು

ಓಶೋ ಅವರ ಡೈನಾಮಿಕ್ ಧ್ಯಾನ (ರಭಸದ ಉಸಿರಾಟ, ಜಿಗಿತ, ನೃತ್ಯ ಎಲ್ಲ ಇರುವ ಐದು ಹಂತಗಳ ಧ್ಯಾನ) ಮಾಡುವಾಗ ತಲೆ ಸುತ್ತುತ್ತದೆ, ಮೊಣಕಾಲು ನೋಯುತ್ತದೆ, ಏನು ಮಾಡಲಿ ಎಂದು ಎರಡು ವಾರಗಳ ಹಿಂದೆ ಇಲ್ಲಿ ಕೇಳಿದ್ದೆ. ಆಗ ಬಂದ ಉತ್ತರಗಳಲ್ಲಿ, ಮಲ್ಪೆ ಕಡಲತೀರದ ಮರಳಿನ ಮೇಲೆ ಮಾಡುವ ಸಲಹೆ ನನಗೆ ಒಗ್ಗಲಿಲ್ಲ; ಕಣ್ಣು ಮುಚ್ಚಿ ಜಿಗಿದಾಗ ಪಾದ ಹೊರಳಿತು. ಮೂರನೇ ಹಂತದ 10 ನಿಮಿಷ ‘ಹೂ’ ಎನ್ನುತ್ತಾ ಜಿಗಿಯುವ ಬದಲು ಹಿಮ್ಮಡಿಯನ್ನಷ್ಟೇ ಎತ್ತಿ ಇಳಿಸಿ ಎಂದ ಉಡುಪಿಯ ಅಕ್ಕನ ಮಾತು ಫಲಿಸಿತು. ನೋವು ನಿಂತಿದೆ, ಅಕ್ಕನಿಗೆ ಮನಸಾರೆ ಧನ್ಯವಾದ.

ತಲೆಸುತ್ತಿನ ಕಾರಣ ತಿಳಿದು ಅಚ್ಚರಿಯಾಯಿತು: ರಭಸದ ಉಸಿರಾಟದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಈಗ ಬೆರಳು ಜುಮ್ಮೆಂದ ಕೂಡಲೇ ಉಸಿರನ್ನು ನಿಧಾನಿಸುತ್ತೇನೆ. ರಕ್ತದೊತ್ತಡ, ಹೃದ್ರೋಗ, ಮೂರ್ಛೆರೋಗ ಇರುವವರು ದಯವಿಟ್ಟು ವೈದ್ಯರನ್ನು ಕೇಳದೆ ಆರಂಭಿಸಬೇಡಿ. ಇಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮನೆಯ ಚಾವಡಿಯಲ್ಲೇ, ಕೊನೆಯ 15 ನಿಮಿಷದ ನೃತ್ಯದವರೆಗೂ ಮಾಡಿ ಮುಗಿಸಿದೆ.